ಓದಿಗಾಗಿ, ಊರು ನೋಡುವ ಆಸೆಗಾಗಿ ಅಗ್ನಿವೀರ ಆಗಬಹುದೇ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವನು. ವಯಸ್ಸು 18 ವರ್ಷ 4 ತಿಂಗಳು. ಸೆಕೆಂಡ್ ಪಿಯು ಸೈನ್ಸ್‌ನಲ್ಲಿ ಶೇ 71 ಬಂದಿದೆ. ಸಿಇಟಿ ರ‍್ಯಾಂಕ್ ಚೆನ್ನಾಗಿ ಬರಲಿಲ್ಲ. ನಮಗೆ ಮೂರು ಎಕರೆ ಹೊಲ ಇದೆ, ಅದರ ಮೇಲೆ ಸೊಸೈಟಿ ಸಾಲವೂ ಇದೆ. ತಂಗಿ ಒಂಬತ್ತನೇ ಕ್ಲಾಸು. ಸೋದರಮಾವ ‘ಅಗ್ನಿವೀರ ಆಗಿಬಿಡು. ನಾಲ್ಕು ವರ್ಷದಲ್ಲಿ ಡಿಗ್ರಿಯೂ ಫ್ರೀ ಸಿಗುತ್ತೆ, ಇಡೀ ದೇಶ ನೋಡಬಹುದು, ಬರುವಾಗ ಹತ್ತು ಲಕ್ಷ ಕೊಟ್ಟು ಕಳಿಸ್ತಾರೆ’ ಅಂತಾರೆ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಯೊಬ್ಬರು ಅಲ್ಲಿ ಸೈನ್ಯಕ್ಕೆ ಸೇರಿದವರ ಕಾಲೇಜು ಫೀ ಸರ್ಕಾರವೇ ಕಟ್ಟುತ್ತೆ ಅಂದರು. ನಮ್ಮಲ್ಲೂ ಹಾಗೇ ತಾನೇ? ಇಲ್ಲಿನ ಒಂದು ತರಬೇತಿ ಅಕಾಡೆಮಿಯವರು 45 ಸಾವಿರ ಕಟ್ಟಿದರೆ ಭರ್ತಿ ಗ್ಯಾರಂಟಿ ಅಂತಿದ್ದಾರೆ. ಅವ್ವ ಮಾತ್ರ ಒಪ್ಪುತ್ತಿಲ್ಲ, ದಿನಾ ಅಳುತ್ತಾಳೆ. ನನಗೆ ಓದಬೇಕು ಅಂತಲೂ ಇದೆ, ಊರು ಬಿಟ್ಟು ಜಗತ್ತು ನೋಡಬೇಕು ಅಂತಲೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಮನೆಗೆ ದುಡ್ಡು ಬೇಕು. ಓದು ನಿಲ್ಲಬಾರದು. ಊರಾಚೆಯ ಜಗತ್ತು ನೋಡಬೇಕು. ಈ ಮೂರೂ ಒಂದೇ ಅರ್ಜಿಯಲ್ಲಿ ಸಿಗುತ್ತವೆ ಅಂತ ಮಾವ ಹೇಳುತ್ತಿದ್ದಾರೆ. ಮೊದಲನೆಯದು ನಿಜವಾಗಿ ಸಿಗುತ್ತದೆ. ಎರಡನೆಯದು ಅರ್ಧ ಸಿಗುತ್ತದೆ. ಮೂರನೆಯದು ನೀವು ಅಂದುಕೊಂಡ ಹಾಗೆ ಸಿಗುವುದಿಲ್ಲ.

ನಾನು ಸೈನ್ಯದ ಎಜುಕೇಶನ್ ಕೋರ್‌ಗೆ ಹವಾಲ್ದಾರನಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಜವಾನರಿಗೆ ಪಾಠ ಹೇಳುವುದು, ನಕ್ಷೆ ಓದಲು ಕಲಿಸುವುದು, ಬಡ್ತಿಗೆ ಬೇಕಾದ ಪರೀಕ್ಷೆಗಳಿಗೆ ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ಸೈನ್ಯದೊಳಗೆ ಓದು ಎಲ್ಲಿ ಸಾಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಸೈನ್ಯಕ್ಕೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳುವವನಲ್ಲ. ಆದರೆ ತಪ್ಪು ಲೆಕ್ಕ ಹಾಕಿಕೊಂಡು ಹೋದ ಹುಡುಗರು ಅಲ್ಲಿ ಕಷ್ಟಪಡುತ್ತಾರೆ.

ಮೊದಲು ಅಮೆರಿಕದ ಮಾತು ಮುಗಿಸೋಣ. ನಿಮ್ಮ ಸಂಬಂಧಿ ಹೇಳಿದ್ದು ಅಲ್ಲಿನ ಮಟ್ಟಿಗೆ ಸರಿ. ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗಾಗಿ 1944ರಲ್ಲಿ ಅಲ್ಲಿ ಜಿಐ ಬಿಲ್ ಎಂಬ ಕಾನೂನು ಬಂತು. ಅದರ ಇಂದಿನ ರೂಪದಲ್ಲಿ, ಮೂರು ವರ್ಷ ಸೇವೆ ಮಾಡಿದವರಿಗೆ ಸರ್ಕಾರಿ ವಿಶ್ವವಿದ್ಯಾಲಯದ ಫೀ, ಮನೆ ಬಾಡಿಗೆಗೆ ನೆರವು, ಪುಸ್ತಕದ ಹಣ ಎಲ್ಲ ಸೇರಿ 36 ತಿಂಗಳ ಓದಿಗೆ ಬೆಂಬಲ ಸಿಗುತ್ತದೆ. ಅಲ್ಲಿ ಕಾಲೇಜು ಓದು ವಿಪರೀತ ದುಬಾರಿ. ಹಾಗಾಗಿ ಎಷ್ಟೋ ಮಕ್ಕಳು ಫೀಗೋಸ್ಕರವೇ ಸೈನ್ಯ ಸೇರುತ್ತಾರೆ. ಅಲ್ಲಿ ಸೇರಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಅಗ್ನಿವೀರನಾಗಿ ನಾಲ್ಕು ವರ್ಷ ಮುಗಿಸಿ ಬಂದವನ ಕಾಲೇಜು ಫೀಯನ್ನು ಸೈನ್ಯ ಕಟ್ಟುವುದಿಲ್ಲ. ಸೇವಾ ನಿಧಿ ಅಂತ ಹಣ ಕೊಡುತ್ತದೆ. ಅದರಲ್ಲಿ ಓದಬಹುದು, ಸಾಲ ತೀರಿಸಬಹುದು, ಟ್ರ್ಯಾಕ್ಟರ್ ಕೊಳ್ಳಬಹುದು, ಅದು ನಿಮ್ಮಿಷ್ಟ.

ಆ ಹಣದ ಲೆಕ್ಕವನ್ನು ನಿಧಾನವಾಗಿ ನೋಡೋಣ. ಅಗ್ನಿವೀರರನ್ನು ನಾಲ್ಕು ವರ್ಷಕ್ಕೆ ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್ 14ರಂದು. ಅದರ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಸಂಬಳ. ಅದರಲ್ಲಿ 9,000 ಸೇವಾ ನಿಧಿಗೆ ಹೋಗುತ್ತದೆ, ಕೈಗೆ 21,000 ಬರುತ್ತದೆ. ಎರಡನೇ ವರ್ಷ ಕೈಗೆ 23,100, ಮೂರನೇ ವರ್ಷ 25,550, ನಾಲ್ಕನೇ ವರ್ಷ 28,000. ಕಷ್ಟದ ಜಾಗದಲ್ಲಿದ್ದರೆ ಅದಕ್ಕೆ ತಕ್ಕ ಭತ್ಯೆ ಬೇರೆ. ನಾಲ್ಕು ವರ್ಷದಲ್ಲಿ ನಿಮ್ಮ ಸಂಬಳದಿಂದ ಕಡಿತವಾಗುವುದು ಒಟ್ಟು 5.02 ಲಕ್ಷ. ಅಷ್ಟೇ ಮೊತ್ತವನ್ನು ಸರ್ಕಾರ ಸೇರಿಸುತ್ತದೆ. ಬಡ್ಡಿ ಬಿಟ್ಟು 10.04 ಲಕ್ಷ ಆಗುತ್ತದೆ. ಅದಕ್ಕೆ ಆದಾಯ ತೆರಿಗೆ ಇಲ್ಲ.

ಮಾವ ಹೇಳುವ ಹತ್ತು ಲಕ್ಷ ಇದೇ. ಅಂದರೆ ಅದರಲ್ಲಿ ಅರ್ಧ ನಿಮ್ಮದೇ ದುಡ್ಡು. ಅದನ್ನು ಬಹುಮಾನ ಅಂದುಕೊಳ್ಳಬೇಡಿ, ನಿಮ್ಮ ಬೆವರಿನ ಉಳಿತಾಯ ಅಂದುಕೊಳ್ಳಿ. ಹಾಗೆಂದು ಅದು ಸಣ್ಣ ಮೊತ್ತವೂ ಅಲ್ಲ. ಊಟ, ವಸತಿ, ಬಟ್ಟೆ, ಆಸ್ಪತ್ರೆ ಎಲ್ಲ ಸೈನ್ಯದ್ದೇ ಆದ್ದರಿಂದ ಕೈಗೆ ಬಂದ ಸಂಬಳದಲ್ಲಿ ದೊಡ್ಡ ಪಾಲು ಉಳಿಯುತ್ತದೆ. ತಿಂಗಳಿಗೆ 15,000 ಮನೆಗೆ ಕಳಿಸಿದರೂ ನಾಲ್ಕು ವರ್ಷಕ್ಕೆ 7.2 ಲಕ್ಷ ಆಗುತ್ತದೆ. ಸೊಸೈಟಿ ಸಾಲ ಇರುವ ಮನೆಗೆ ಇದು ದೊಡ್ಡ ಆಸರೆ. ಹದಿನೆಂಟು ವರ್ಷದ ಹುಡುಗನಿಗೆ ಪಿಯು ಮೇಲೆ ನಮ್ಮ ಕಡೆ ಬೇರೆ ಯಾರು ಇಷ್ಟು ಕೊಡುತ್ತಾರೆ ಹೇಳಿ? ಆದ್ದರಿಂದ ದುಡ್ಡೇ ಮುಖ್ಯ ಕಾರಣವಾದರೆ ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ. ಅದು ಗೌರವದ ಕಾರಣವೇ.

ಆದರೆ ನಾಲ್ಕು ವರ್ಷ ಮುಗಿದ ಮೇಲೆ ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಹಾಗಾಗಿ ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್, ಮಾಜಿ ಸೈನಿಕರಿಗೆ ಮೀಸಲಿಟ್ಟ ಹುದ್ದೆಗಳು, ಇವು ಯಾವುವೂ ಬರುವುದಿಲ್ಲ. ಊರಿನಲ್ಲಿ ಹಳೆಯ ಮಿಲ್ಟ್ರಿ ಕಾಕಾ ಒಬ್ಬರು ಪಿಂಚಣಿ ತಗೊಂಡು, ಕ್ಯಾಂಟೀನ್ ಸಾಮಾನು ತಂದು ಬದುಕುವುದನ್ನು ನೀವು ನೋಡಿರುತ್ತೀರಿ. ಮಾವನ ಕಣ್ಣ ಮುಂದೆಯೂ ಅದೇ ಚಿತ್ರ ಇರಬಹುದು. ಅದು ಹಳೆಯ ಭರ್ತಿಯ ಜವಾನನ ಬದುಕು. ಅಗ್ನಿವೀರರಲ್ಲಿ ಅದು ಸಿಗುವುದು ನಾಲ್ಕು ವರ್ಷದ ನಂತರ ಕಾಯಂ ಆಗುವವರಿಗೆ ಮಾತ್ರ. ಪ್ರತಿ ತಂಡದಲ್ಲಿ ಹೆಚ್ಚೆಂದರೆ ಶೇ 25 ಮಂದಿ ಹಾಗೆ ಉಳಿಯುತ್ತಾರೆ. ಅವರು ಮುಂದೆ ಕನಿಷ್ಠ 15 ವರ್ಷ ಸೇವೆ ಮಾಡಬೇಕು. ಆ ನಾಲ್ವರಲ್ಲಿ ಒಬ್ಬ ನಾನೇ ಅಂತ ಎಲ್ಲ ಹುಡುಗರೂ ಅಂದುಕೊಂಡೇ ಹೋಗುತ್ತಾರೆ. ನೀವು ಮಾತ್ರ ಉಳಿದ ಮೂವರಲ್ಲಿ ಒಬ್ಬ ಅಂತಲೇ ಲೆಕ್ಕ ಹಾಕಿ. ಆಗಲೂ ಈ ದಾರಿ ನಿಮಗೆ ಸರಿ ಅನ್ನಿಸಿದರೆ ಹೋಗಿ.

ನಾಲ್ಕೇ ವರ್ಷ ಯಾಕೆ ಅಂತ ಎಷ್ಟೋ ತಂದೆ-ತಾಯಿ ಕೇಳುತ್ತಾರೆ. ಸೈನ್ಯದ ಸರಾಸರಿ ವಯಸ್ಸನ್ನು ಸುಮಾರು 32ರಿಂದ 26ಕ್ಕೆ ಇಳಿಸುವುದು ಉದ್ದೇಶ ಅಂತ ಸರ್ಕಾರ ಹೇಳಿತು. ಬೆಟ್ಟ ಹತ್ತುವ, ಹಿಮದಲ್ಲಿ ನಿಲ್ಲುವ ಕೆಲಸಕ್ಕೆ ಎಳೆಯ ದೇಹ ಬೇಕು. ಜೊತೆಗೆ ಪಿಂಚಣಿಯ ಹೊರೆಯೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಯೋಜನೆ ರೂಪುಗೊಂಡದ್ದು ಸೈನ್ಯದ ಅಗತ್ಯಕ್ಕೆ. ಹುಡುಗರ ಓದು ಅದರಲ್ಲಿ ಆಮೇಲೆ ಸೇರಿಕೊಂಡ ವಿಷಯ. ಇದನ್ನು ಅರ್ಥಮಾಡಿಕೊಂಡರೆ ಡಿಗ್ರಿಯ ವಿಚಾರ ಸುಲಭವಾಗಿ ತಿಳಿಯುತ್ತದೆ.

ಡಿಗ್ರಿ ಸಿಗುತ್ತದೆ ಅನ್ನುವುದು ಸುಳ್ಳಲ್ಲ. ಅಗ್ನಿವೀರರಿಗಾಗಿ ಇಗ್ನೋ ಎಂಬ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಮೂರು ವರ್ಷದ ಕೌಶಲ ಆಧಾರಿತ ಪದವಿ ರೂಪಿಸಿದೆ. ಅದರ ಶೇ 50ರಷ್ಟು ಕ್ರೆಡಿಟ್ ಸೈನ್ಯದಲ್ಲಿ ಪಡೆಯುವ ತರಬೇತಿಯಿಂದಲೇ ಬರುತ್ತದೆ. ಉಳಿದ ಅರ್ಧಕ್ಕೆ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ಪರಿಸರ ಇಂಥ ವಿಷಯಗಳನ್ನು ಓದಿ ಪರೀಕ್ಷೆ ಬರೆಯಬೇಕು. ಹತ್ತನೇ ಕ್ಲಾಸು ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪಿಯು ಮಟ್ಟದ ಸರ್ಟಿಫಿಕೇಟ್ ಪಡೆಯುವ ದಾರಿ ಇದೆ. ಎಸ್ಸೆಸ್ಸೆಲ್ಸಿಗೇ ಓದು ನಿಂತ ಹುಡುಗನಿಗೆ ಇದು ನಿಜವಾದ ಲಾಭ. ನಿಮಗೆ? ನೀವು ಈಗಾಗಲೇ ಪಿಯು ಸೈನ್ಸ್ ಮುಗಿಸಿದ್ದೀರಿ. ನಿಮಗೆ ಸಿಗುವುದು ಒಂದು ಸಾಮಾನ್ಯ ಪದವಿ. ‘ಯಾವುದಾದರೂ ಡಿಗ್ರಿ’ ಸಾಕು ಅನ್ನುವ ಸರ್ಕಾರಿ ಪರೀಕ್ಷೆಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಎಂಜಿನಿಯರ್ ಆಗಬೇಕು, ಲ್ಯಾಬ್‌ನಲ್ಲಿ ಕೆಲಸ ಮಾಡಬೇಕು, ಎಂಎಸ್ಸಿ ಮಾಡಬೇಕು ಅಂತಿದ್ದರೆ ಆ ಪದವಿಯಿಂದ ದಾರಿ ಇಲ್ಲ.

ಇನ್ನೊಂದು ಮಾತು. ಪುಸ್ತಕ ಹಿಡಿಯಲು ಹೊತ್ತು ಎಲ್ಲಿ ಸಿಗುತ್ತದೆ? ಯೂನಿಟ್‌ನಲ್ಲಿ ಬೆಳಕು ಹರಿಯುವ ಮುಂಚೆ ಪಿಟಿ. ಆಮೇಲೆ ಪರೇಡ್, ಟ್ರೇನಿಂಗ್, ಕೆಲಸ. ಸಂಜೆ ಆಟ, ರೋಲ್ ಕಾಲ್. ನಡುನಡುವೆ ರಾತ್ರಿ ಸಂತ್ರಿ ಡ್ಯೂಟಿ, ಅಂದರೆ ಕಾವಲು. ಓದುವವರು ರೋಲ್ ಕಾಲ್ ಆದ ಮೇಲೆ, ಬ್ಯಾರಕ್‌ನ ಗದ್ದಲದ ನಡುವೆ ಓದುತ್ತಾರೆ. ಯೂನಿಟ್ ಶಾಂತಿ ನೆಲೆಯಲ್ಲಿದ್ದರೆ ಇದು ಸಾಧ್ಯ. ಗಡಿ ನೆಲೆಗೆ ಹೋದರೆ ಓದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನನ್ನ ಬಳಿ ಕಲಿತು ಡಿಗ್ರಿ ಮುಗಿಸಿದ ಜವಾನರಿದ್ದಾರೆ. ಅವರೆಲ್ಲ ಬರುವಾಗಲೇ ಓದುವ ಹಟ ಹೊತ್ತು ಬಂದವರು. ಸೈನ್ಯ ಅವರಿಗೆ ಅವಕಾಶ ಕೊಟ್ಟಿತು, ಹಟ ಕೊಡಲಿಲ್ಲ.

ಇನ್ನು ಊರು ನೋಡುವುದು. ನಿಮ್ಮ ವಯಸ್ಸಿನಲ್ಲಿ ಈ ಆಸೆ ಇರಲೇಬೇಕು. ಸೈನ್ಯ ನಿಮ್ಮನ್ನು ದೂರ ಕರೆದೊಯ್ಯುವುದೂ ನಿಜ. ಆದರೆ ಲೆಕ್ಕ ನೋಡಿ. ಶುರುವಿನ ಅರ್ಧ ವರ್ಷಕ್ಕಿಂತ ಜಾಸ್ತಿ ಹೊತ್ತು ತರಬೇತಿ ಕೇಂದ್ರದ ಕಾಂಪೌಂಡ್ ಒಳಗೇ ಕಳೆಯುತ್ತದೆ. ನಮ್ಮ ಹುಡುಗರಿಗೆ ಆ ಕೇಂದ್ರ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯೋ, ಬೆಂಗಳೂರಿನ ಎಂಇಜಿಯೋ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆಗಿಬಿಡಬಹುದು. ಏರ್‌ಫೋರ್ಸ್ ಸೇರಿದರೂ ಶುರುವಿನ ತರಬೇತಿ ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ. ಅಂದರೆ ದೇಶ ನೋಡಲು ಹೊರಟವನು ಧಾರವಾಡ ದಾಟಿ ಬೆಳಗಾವಿಯಲ್ಲಿ ಇಳಿದಿರುತ್ತಾನೆ. ಆಮೇಲೆ ಯೂನಿಟ್ ಎಲ್ಲಿದೆಯೋ ಅಲ್ಲಿಗೆ. ಉಳಿದ ಸುಮಾರು ಮೂರೂವರೆ ವರ್ಷದಲ್ಲಿ ಒಂದೋ ಎರಡೋ ಜಾಗ ಸಿಗಬಹುದು. ಅದು ಲಡಾಖ್ ಇರಬಹುದು, ರಾಜಸ್ಥಾನದ ಮರಳು ಇರಬಹುದು, ಅರುಣಾಚಲದ ಕಾಡು ಇರಬಹುದು. ಆರಿಸುವುದು ನೀವಲ್ಲ. ಅಲ್ಲಿ ನೀವು ನೋಡುವುದು ಪೋಸ್ಟ್, ರಸ್ತೆ, ಬಂಕರ್. ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುವ ಮಾತೇ ಇಲ್ಲ. 2020ರಲ್ಲಿ ಸೈನ್ಯ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು ಅನ್ನುವುದು ನೆನಪಿರಲಿ.

ರಜೆಯ ವಿಷಯ ಯಾರೂ ಹೇಳುವುದಿಲ್ಲ. ಕಾಯಂ ಜವಾನನಿಗೆ ವರ್ಷಕ್ಕೆ ಸುಮಾರು 90 ದಿನ ರಜೆ ಬರುತ್ತದೆ. ಅಗ್ನಿವೀರನಿಗೆ 30 ದಿನ. ಜಮ್ಮುವಿನಿಂದ ಹುಬ್ಬಳ್ಳಿಗೆ ಬಂದು ಹೋಗುವುದರಲ್ಲೇ ಅದರ ಒಂದಷ್ಟು ದಿನ ರೈಲಿನಲ್ಲಿ ಕಳೆದುಹೋಗುತ್ತದೆ. ಆ ದಿನಗಳಲ್ಲಿ ನೀವು ಗೋವಾ ಸುತ್ತಲು ಹೋಗುವುದಿಲ್ಲ, ಅವ್ವನ ಮುಂದೆ ಕೂತಿರುತ್ತೀರಿ. ತಂಗಿಯ ಎಸ್ಸೆಸ್ಸೆಲ್ಸಿ, ಮನೆಯ ಹಬ್ಬ, ಹತ್ತಿರದವರ ಮದುವೆ, ಹಲವು ತಪ್ಪಿಹೋಗುತ್ತವೆ. ಈ ನಾಲ್ಕು ವರ್ಷ ನೀವೂ ಮದುವೆಯಾಗುವಂತಿಲ್ಲ. ನಿಮ್ಮ ವಯಸ್ಸಿಗೆ ಅದು ದೊಡ್ಡ ತೊಡಕಲ್ಲ, ಬಿಡಿ.

ಇಷ್ಟೆಲ್ಲ ಹೇಳಿದರೂ ಒಂದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಪಂಜಾಬಿನವನ ಪಕ್ಕ ಮಲಗಿ, ಮಣಿಪುರದವನ ತಟ್ಟೆಯಲ್ಲಿ ಉಂಡು, ಲಂಗರ್ ಅನ್ನುವ ಸೈನ್ಯದ ಅಡುಗೆಮನೆಯ ರೊಟ್ಟಿ-ದಾಲ್‌ಗೆ ಒಗ್ಗಿಕೊಂಡು, ಹಿಂದಿ ಬಾರದವನು ಆರು ತಿಂಗಳಲ್ಲಿ ಹಿಂದಿಯಲ್ಲಿ ಜಗಳವಾಡುವಷ್ಟು ಕಲಿಯುತ್ತಾನೆ. ಹಳ್ಳಿಯಿಂದ ಬಂದ ಅಂಜುಬುರುಕ ಹುಡುಗ ನಾಲ್ಕು ಜನರ ಮುಂದೆ ನಿಂತು ಮಾತಾಡುವ ಹಾಗಾಗುತ್ತಾನೆ. ಜಗತ್ತು ನೋಡುವುದು ಅಂದರೆ ಇದು ಅಂತ ನಿಮಗೆ ಅನ್ನಿಸಿದರೆ, ಅದು ಸೈನ್ಯದಲ್ಲಿ ಧಾರಾಳವಾಗಿ ಸಿಗುತ್ತದೆ. ಹಡಗಿನಲ್ಲಿ ಬೇರೆ ದೇಶದ ಬಂದರು ನೋಡಬೇಕೆಂಬ ಆಸೆ ಇದ್ದರೆ ನೌಕಾಪಡೆಯ ಕಡೆ ನೋಡಿ. ಒಡಿಶಾದ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಹಡಗೋ ದಂಡೆಯ ನೆಲೆಯೋ. ಅಲ್ಲೂ ಆಯ್ಕೆ ನಿಮ್ಮದಲ್ಲ.

ಅವ್ವನ ಕಣ್ಣೀರಿನ ಬಗ್ಗೆ ಮಾತಾಡಬೇಕು. ಮಾವ ಅದನ್ನು ಹೆಂಗಸರ ಹೆದರಿಕೆ ಅಂತ ತಳ್ಳಿಹಾಕಿರಬಹುದು. ನಾನು ಹಾಗೆ ಮಾಡುವುದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ನಂತರ ಹಿಮದಡಿ ಜೀವಂತ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಿಮ್ಮ ಕಡೆಯ ತಾಯಂದಿರು ಅದನ್ನು ಮರೆತಿಲ್ಲ, ಮರೆಯಲೂ ಬಾರದು. ಕರ್ತವ್ಯದಲ್ಲಿ ಅಗ್ನಿವೀರರೂ ಪ್ರಾಣ ಕೊಟ್ಟಿದ್ದಾರೆ. ಡಿಗ್ರಿ ಸಿಗುತ್ತದೆ, ಊರು ನೋಡಬಹುದು ಅಂತ ಹೋಗುವ ಹುಡುಗನಿಗೂ, ದೇಶಕ್ಕಾಗಿ ಅಂತ ಹೋಗುವ ಹುಡುಗನಿಗೂ ಡ್ಯೂಟಿ ಒಂದೇ, ಅಪಾಯವೂ ಒಂದೇ.

ಅಗ್ನಿವೀರನಿಗೆ 48 ಲಕ್ಷ ರೂಪಾಯಿಯ ವಿಮೆ ಇದೆ, ಅದಕ್ಕೆ ಅವನು ಕಂತು ಕಟ್ಟಬೇಕಿಲ್ಲ. ಸೇವೆಯ ಕಾರಣದಿಂದ ಸಾವು ಬಂದರೆ ಅದರ ಜೊತೆಗೆ 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾ ನಿಧಿ ಮನೆಯವರಿಗೆ ಬರುತ್ತದೆ. ಸೇವೆಯಿಂದ ಅಂಗವೈಕಲ್ಯ ಬಂದರೆ ಅದರ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ. ಆದರೆ ಕಾಯಂ ಯೋಧನ ಕುಟುಂಬಕ್ಕೆ ಬರುವ ಹಾಗೆ ತಿಂಗಳ ಪಿಂಚಣಿ ಇಲ್ಲ. ಅಪ್ಪ-ಅವ್ವ ಇಬ್ಬರಿಗೂ ಇದನ್ನು ಹೇಳಿಯೇ ಸಹಿ ಹಾಕಿ. ಮುಚ್ಚಿಡಬೇಡಿ.

‘ಹಿಡಿಸದಿದ್ದರೆ ಬಿಟ್ಟು ಬರಬಹುದಲ್ವಾ’ ಅಂತ ಹುಡುಗರು ಕೇಳುತ್ತಾರೆ. ಬರುವಂತಿಲ್ಲ. ತೀರಾ ಅಪರೂಪದ ಸಂದರ್ಭ ಬಿಟ್ಟರೆ ನಾಲ್ಕು ವರ್ಷ ತುಂಬುವ ಮುಂಚೆ ನಿಮ್ಮ ಇಷ್ಟದಿಂದ ಹೊರಬರಲು ಅನುಮತಿ ಇಲ್ಲ. ಹಾಗೆ ಬಂದರೂ ನಿಮ್ಮ ಪಾಲಿನ ಹಣ ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರದ ಪಾಲು ಇಲ್ಲ.

ಹೊರಬಂದ ಮೇಲೆ ಕೆಲಸ? ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10 ಮೀಸಲಾತಿಯನ್ನು ಶುರುವಿನಲ್ಲೇ ಘೋಷಿಸಿದ್ದಾರೆ, ವಯಸ್ಸಿನಲ್ಲೂ ಸಡಿಲಿಕೆ ಇದೆ. ಕೆಲವು ರಾಜ್ಯಗಳು ತಮ್ಮ ಪೊಲೀಸ್ ಇಲಾಖೆಯಲ್ಲಿ ಮೀಸಲಾತಿ ಕೊಡುವುದಾಗಿ ಹೇಳಿವೆ. ಆದರೆ ಮೀಸಲಾತಿ ಅಂದರೆ ನೇಮಕಾತಿ ಪತ್ರ ಅಲ್ಲ. ಅಲ್ಲೂ ಪರೀಕ್ಷೆ ಇದೆ, ಪೈಪೋಟಿ ಇದೆ. ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯಿಂದ. ಕೊಟ್ಟ ಮಾತು ಎಷ್ಟು ನಡೆಯುತ್ತದೆ ಅನ್ನುವುದಕ್ಕೆ ಅವರೇ ಮೊದಲ ಸಾಕ್ಷಿ. ನಿಮ್ಮ ಕಡೆ ಆ ತಂಡದ ಹುಡುಗರು ಯಾರಾದರೂ ಇದ್ದರೆ ಹುಡುಕಿ ಮಾತಾಡಿ.

ಈಗ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಸೈನ್ಯ ನಿಮ್ಮನ್ನು ಓದಿಸುತ್ತದೆಯೇ ಇಲ್ಲವೇ ಅನ್ನುವುದು ನೀವು ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲಿದೆ. ನಿಮ್ಮ ಮನೆಯಲ್ಲಿ ಎಲ್ಲರೂ ಅಗ್ನಿವೀರ ಎಂಬ ಒಂದೇ ಬಾಗಿಲು ನೋಡುತ್ತಿದ್ದಾರೆ. ಸರ್ಕಾರದ ಖರ್ಚಿನಲ್ಲಿ ಪೂರ್ಣ ಪದವಿ ಕೊಡಿಸುವ ಬಾಗಿಲುಗಳು ಬೇರೆ ಇವೆ. ಪಿಯು ಸೈನ್ಸ್‌ನಲ್ಲಿ ಶೇ 71 ಪಡೆದವರು ಆ ಕಡೆ ತಿರುಗಿಯೂ ನೋಡದೆ ಇರುವುದು ನನಗೆ ಬೇಸರ ತರುತ್ತದೆ.

ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಪಿಯು ಮುಗಿದವರಿಗೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಧಾರವಾಡದಲ್ಲೂ ಪರೀಕ್ಷಾ ಕೇಂದ್ರ ಇರುತ್ತದೆ. ಪಾಸಾದವರಿಗೆ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ. ಸುಮಾರು ಐದು ದಿನ ಅಲ್ಲೇ ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲೂ ಆ ಕೇಂದ್ರ ಇದೆ. ಆಯ್ಕೆಯಾದರೆ ಮೂರು ವರ್ಷ ಊಟ, ವಸತಿ, ಓದು ಎಲ್ಲ ಸರ್ಕಾರದ್ದು. ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಪದವಿ ಕೈಗೆ ಬರುತ್ತದೆ. ಅದಾದ ಮೇಲೆ ಇನ್ನೂ ಒಂದು ಹಂತದ ತರಬೇತಿ ಮುಗಿಸಿ ಅಧಿಕಾರಿಯಾಗುತ್ತೀರಿ. ಅಪಾಯ ಇಲ್ಲೂ ಇದೆ. ಸೀಟು ಕೆಲವು ನೂರು, ಬರೆಯುವವರು ಲಕ್ಷಗಟ್ಟಲೆ. ಇಂಗ್ಲಿಷ್‌ಗೇ 200 ಅಂಕ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಎಡವುತ್ತಾರೆ. ಸೇರಿದ ಮೇಲೆ ನೀವಾಗಿಯೇ ಬಿಟ್ಟು ಬಂದರೆ ತರಬೇತಿಯ ಖರ್ಚು ವಾಪಸ್ ಕಟ್ಟುವ ಬಾಂಡ್‌ಗೆ ತಂದೆ-ತಾಯಿ ಸಹಿ ಹಾಕಿರಬೇಕಾಗುತ್ತದೆ.

ಇನ್ನೊಂದು ಟಿಇಎಸ್, ಅಂದರೆ 10+2 ಟೆಕ್ನಿಕಲ್ ಎಂಟ್ರಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ಒಟ್ಟು ಶೇ 60 ಬಂದಿರಬೇಕು, ಜೆಇಇ ಮೇನ್ ಬರೆದಿರಬೇಕು. ಸೈನ್ಯದ್ದೇ ಆದ ಲಿಖಿತ ಪರೀಕ್ಷೆ ಇಲ್ಲ. ಜೆಇಇ ಅಂಕ ನೋಡಿ ನೇರವಾಗಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಆಯ್ಕೆಯಾದವರಿಗೆ ಸೈನ್ಯವೇ ಎಂಜಿನಿಯರಿಂಗ್ ಪದವಿ ಕೊಡಿಸಿ ಲೆಫ್ಟಿನೆಂಟ್ ಮಾಡುತ್ತದೆ. ನೌಕಾಪಡೆಯಲ್ಲೂ ಇಂಥದೇ ಬಿಟೆಕ್ ಪ್ರವೇಶ ಇದೆ, ಓದು ಕೇರಳದ ಎಳಿಮಲದಲ್ಲಿ. ಸಿಇಟಿ ರ‍್ಯಾಂಕ್ ಚೆನ್ನಾಗಿ ಬರಲಿಲ್ಲ ಅಂತ ಎಂಜಿನಿಯರಿಂಗ್ ಆಸೆಯನ್ನೇ ಬಿಟ್ಟ ನಿಮ್ಮಂಥವರಿಗೆ ಇದು ಗೊತ್ತೇ ಇರುವುದಿಲ್ಲ.

ಇಲ್ಲಿ ವಯಸ್ಸಿನ ಗಡಿಯಾರ ಓಡುತ್ತಿದೆ. ಎನ್‌ಡಿಎ, ಟಿಇಎಸ್ ಎರಡಕ್ಕೂ ಕೋರ್ಸ್ ಶುರುವಾಗುವ ಹೊತ್ತಿಗೆ ಹತ್ತೊಂಬತ್ತೂವರೆ ದಾಟಿರಬಾರದು. ನಿಮಗೆ ಈಗ 18 ವರ್ಷ 4 ತಿಂಗಳು. ಇನ್ನು ಒಂದು ಸಲ ಪ್ರಯತ್ನ ಸಾಧ್ಯವಾಗಬಹುದು. ಅಗ್ನಿವೀರಕ್ಕೆ ಯೋಜನೆ ಘೋಷಿಸಿದಾಗಿನ ನಿಯಮ ಹದಿನೇಳೂವರೆಯಿಂದ 21. ಆಯಾ ವರ್ಷದ ಅಧಿಸೂಚನೆಯಲ್ಲಿ ಹುಟ್ಟಿದ ದಿನಾಂಕದ ಮಿತಿ ಕೊಟ್ಟಿರುತ್ತಾರೆ, ಅದನ್ನೇ ನೋಡಿ. ಅಂದರೆ ಅಗ್ನಿವೀರ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಮಗಾಗಿ ಕಾಯುತ್ತದೆ, ಎನ್‌ಡಿಎ ಕಾಯುವುದಿಲ್ಲ. ಬೇಗ ಮುಚ್ಚುವುದನ್ನು ಮೊದಲು ಪ್ರಯತ್ನಿಸಿ.

ಆಗದಿದ್ದರೆ? ನಿಮ್ಮ ಜಾಗದಲ್ಲಿ ನಾನಿದ್ದರೆ ಹತ್ತಿರದ ಸರ್ಕಾರಿ ಕಾಲೇಜಿಗೆ ಬಿಎಸ್‌ಸಿ ಸೇರುತ್ತಿದ್ದೆ. ಈಗಲೇ, ಈ ವರ್ಷವೇ, ಬೇರೆ ಪರೀಕ್ಷೆಗಳನ್ನು ಬರೆಯುತ್ತಲೇ. ಫೀ ಕಡಿಮೆ. ಹಿಂದುಳಿದ ವರ್ಗ, ಪರಿಶಿಷ್ಟರ ಹಾಸ್ಟೆಲ್‌ಗಳಿಗೆ ನಿಮ್ಮ ವರ್ಗ, ಆದಾಯ ನೋಡಿ ಅರ್ಜಿ ಹಾಕಬಹುದು. ರೈತರ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ತಂದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಎಸ್‌ಸಿ, ಬಿಕಾಂ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ನಿಗದಿ ಮಾಡಿದ್ದರು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮಗೆ ಯಾವ ವಿದ್ಯಾರ್ಥಿವೇತನ ಬರುತ್ತದೆ ನೋಡಿಕೊಳ್ಳಿ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದರೆ ಅಗ್ನಿವೀರ ಭರ್ತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ಅದರಲ್ಲಿ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ 50 ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗಿ ಅಧಿಕಾರಿಯಾಗುವ ವಿಶೇಷ ಪ್ರವೇಶ ಇದೆ. ಡಿಗ್ರಿ ಮೇಲೆ ಅಧಿಕಾರಿಯಾಗಲು ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಇದೆ, ಏರ್‌ಫೋರ್ಸ್‌ಗೆ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ನನ್ನ ಹಾಗೆ ಹವಾಲ್ದಾರ್ ಎಜುಕೇಶನ್ ಆಗಿಯೂ ಸೇರಬಹುದು, ಅದು ನಾಲ್ಕು ವರ್ಷದ ನೇಮಕ ಅಲ್ಲ. ಡಿಗ್ರಿ ಓದುತ್ತಲೇ ಒಂದು ವರ್ಷ ಅಗ್ನಿವೀರ ಪರೀಕ್ಷೆಯನ್ನೂ ಬರೆದು ನೋಡಬಹುದು. ಓದಿದ್ದರಿಂದ ಸೈನ್ಯ ದೂರವಾಗುವುದಿಲ್ಲ.

ಈ ದಾರಿಗೂ ಬೆಲೆ ಇದೆ. ಮೂರು ವರ್ಷ ಮನೆಗೆ ದುಡ್ಡು ಬರುವುದಿಲ್ಲ. ಸಾಲ ಹಾಗೇ ಇರುತ್ತದೆ. ಆದ್ದರಿಂದ ಇವತ್ತು ರಾತ್ರಿ ಅಪ್ಪನ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ನನ್ನ ಸಂಬಳ ಬರದಿದ್ದರೆ ಮುಂದಿನ ಎರಡು-ಮೂರು ವರ್ಷ ಮನೆ ನಡೆಯುತ್ತದಾ, ಹೊಲ ಉಳಿಯುತ್ತದಾ? ‘ಕಷ್ಟ, ಆದರೆ ನಡೆಯುತ್ತದೆ’ ಅಂದರೆ ಓದಿ. ‘ಇಲ್ಲ, ತಂಗಿಯನ್ನೂ ಶಾಲೆ ಬಿಡಿಸಬೇಕಾಗುತ್ತದೆ’ ಅಂದರೆ ಅಗ್ನಿವೀರಕ್ಕೆ ಹೋಗುವುದು ಸರಿಯಾದ ತೀರ್ಮಾನ. ಆಗ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಜವಾನನ ಹುದ್ದೆಗೆ ಮಾತ್ರ ಅರ್ಜಿ ಹಾಕಿ ಸುಮ್ಮನಾಗಬೇಡಿ. ನೀವು ಪಿಯು ಸೈನ್ಸ್ ಆದ್ದರಿಂದ ಟೆಕ್ನಿಕಲ್ ವಿಭಾಗಕ್ಕೆ, ಏರ್‌ಫೋರ್ಸ್‌ನ ಅಗ್ನಿವೀರವಾಯುವಿಗೆ, ನೌಕಾಪಡೆಯಲ್ಲಿ ಪಿಯು ಸೈನ್ಸ್ ಆದವರಿಗಿರುವ ಎಸ್‌ಎಸ್‌ಆರ್ ವಿಭಾಗಕ್ಕೆ ಹಾಕಿ. ಎಂಜಿನ್, ರೇಡಿಯೊ, ವಿದ್ಯುತ್ ಕೆಲಸ ಕೈಗೆ ಹತ್ತಿದರೆ ಹೊರಬಂದ ಮೇಲೆ ಅದನ್ನು ಕೇಳುವವರು ಜಾಸ್ತಿ. ಸೇವಾ ನಿಧಿಯನ್ನು ಮದುವೆಗೋ ಮನೆಗೋ ಅಲ್ಲ, 22ರ ನಂತರದ ಓದಿಗೋ ದುಡಿಮೆಗೋ ಅಂತ ಹೋಗುವ ಮುಂಚೆಯೇ ಅಪ್ಪ-ಅವ್ವನ ಮುಂದೆ ಮಾತು ಮಾಡಿಕೊಳ್ಳಿ. ಇಲ್ಲದಿದ್ದರೆ ಹತ್ತು ಲಕ್ಷಕ್ಕೆ ಹತ್ತು ಜನ ದಾರಿ ಹೇಳುತ್ತಾರೆ.

ತಂಗಿಗೂ ಒಂದು ಮಾತು ಹೇಳಿ. ಎನ್‌ಡಿಎ ಈಗ ಹುಡುಗಿಯರಿಗೂ ಇದೆ. 17 ಯುವತಿಯರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂತು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ನಿಮಗೆ ಸಿಗದ ಸಮಯ ಅವಳಿಗಿದೆ.

ಕೊನೆಗೆ ಆ 45 ಸಾವಿರ. ಭರ್ತಿ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸೈನ್ಯದ ಭರ್ತಿಯಲ್ಲಿ ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಮೊದಲು ಕಂಪ್ಯೂಟರ್‌ನಲ್ಲಿ ಲಿಖಿತ ಪರೀಕ್ಷೆ, ಅದಕ್ಕೆ ನೀವು ಕಟ್ಟುವುದು 250 ರೂಪಾಯಿ. ಆಮೇಲೆ ರ‍್ಯಾಲಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ. ಇದನ್ನು ನಿಮ್ಮೂರ ಶಾಲೆ ಮೈದಾನದಲ್ಲಿ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಬಹುದು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಸೇನಾ ಭರ್ತಿಗೆ ಉಚಿತ ತರಬೇತಿ ನಡೆಸಿದ್ದುಂಟು, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಜಿಲ್ಲಾಸ್ಪತ್ರೆಗೆ ಹೋಗಿ ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲು, ಮೊಣಕಾಲು, ಚಪ್ಪಟೆ ಪಾದ ಇದೆಯೇ ಅನ್ನುವುದನ್ನು ತೋರಿಸಿಕೊಳ್ಳಿ. ವರ್ಷಗಟ್ಟಲೆ ಓಡಿ, ಸಾಲ ಮಾಡಿ ಅಕಾಡೆಮಿಗೆ ಕಟ್ಟಿ, ಕೊನೆಗೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಹೊರಬಿದ್ದ ಹುಡುಗರು ನನ್ನ ಹತ್ತಿರ ಬರುತ್ತಾರೆ. ಅದಕ್ಕೆ ಔಷಧಿ ಇಲ್ಲ, ಆದರೆ ಅದು ಗೊತ್ತಾಗಲು ಹತ್ತು ನಿಮಿಷ ಸಾಕು. ಈ ವಾರವೇ ಹೋಗಿ ಬನ್ನಿ.